ನಿಜಲಿಂಗಪ್ಪ ಮಾಸ್ತರರ ಅಮೆರಿಕದ ನೋಟ್ಸು

ನಿಜಲಿಂಗಪ್ಪ ಮಾಸ್ತರರು ಕೆನಡಾದ ಸ್ಟ್ರೀಟ್ಸ್‌ವಿಲ್‌ನ ನನ್ನ ಮಗಳ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದದ್ದು ಎರಡು ಸಾವಿರದ ಹದಿನಾರರ ಶ್ರಾವಣದಲ್ಲಿ. ಎರಡು ಸೂಟ್‌ಕೇಸು, ಒಂದು ರೊಟ್ಟಿ ಹಂಚು, ಜೊತೆಗೆ ಹೆಂಡತಿ ಮಾಧುರಿ. ಮಕ್ಕಳಿಲ್ಲ. ಹತ್ತಿರದ ಎಟೋಬಿಕೋಕ್‌ನಲ್ಲಿದ್ದ ಮಾಧುರಿಯ ಅಣ್ಣನ ಮಾತು ಕೇಳಿ ಬಂದವರು. ಬೈಲಹೊಂಗಲದ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದ ಮನುಷ್ಯ ಇಲ್ಲಿ ಮೆಡೋವೇಲಿನ ಒಂದು ಆಫೀಸು ಕಟ್ಟಡದ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಂತರು. ಮೊದಲ ದಿನ ಆ ಯುನಿಫಾರ್ಮು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಾಗ ನನ್ನ ಮುಖ ನೋಡಲಿಲ್ಲ.

ಅವರಿಗೆ ಮತ್ತೆ ಮಾಸ್ತರನಾಗಬೇಕಿತ್ತು. ಇಲ್ಲಿಯ ಶಾಲೆಯಲ್ಲಿ ಕಲಿಸಬೇಕೆಂದರೆ ತರಬೇತಿ ಆಗಬೇಕು. ತರಬೇತಿಗೆ ಸೇರಿಸಿಕೊಳ್ಳಬೇಕೆಂದರೆ ಊರಿನ ಡಿಗ್ರಿ ಸಾಲದು, ಇಲ್ಲಿಯೂ ಒಂದು ವಿಷಯ ಓದಿ ಬಿ ದರ್ಜೆ ತೋರಿಸಬೇಕು ಎಂದರಂತೆ. ಮರುವರ್ಷದ ಜನವರಿಯಲ್ಲಿ ಒಂದು ಕಾಲೇಜಿಗೆ ಹೆಸರು ಹಚ್ಚಿದರು. ಆರಿಸಿಕೊಂಡ ವಿಷಯ ಅಮೆರಿಕದ ಸರ್ಕಾರ.

“ಕೆನಡಾದಾಗ ಕೂತು ಅಮೆರಿಕದ್ದು ಯಾಕ್ರೀ ಓದೂದು?” ಎಂದೆ.

“ಅದು ನನಗ ಬಾಯಿಪಾಠ ಐತ್ರೀ ಅವ್ವಾರ. ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ.”

ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದಿಂದ ಡ್ಯೂಟಿ. ನಡುವಿನ ಒಂದು ತಾಸು ನಮ್ಮ ಅಡಿಗೆಮನೆಯಲ್ಲಿ ಕೂತು ಉಣ್ಣುತ್ತಿದ್ದರು. ಮೊದಲ ದಿನ ಪಾಠ ಹೇಳುವ ಹುಡುಗಿ ಒಳಗೆ ಬಂದೊಡನೆ ಇವರು ಎದ್ದು ನಿಂತರಂತೆ. ಉಳಿದ ಇಪ್ಪತ್ತೆಂಟು ಮಂದಿ ಕೂತೇ ಇದ್ದರು. ಆಕೆ, ನಿಮಗೇನಾದರೂ ಬೇಕಿತ್ತೇ ಎಂದು ಕೇಳಿದಳಂತೆ. ಹೇಳಿ ತಾವೇ ನಕ್ಕರು. ಆಮೇಲೆ ನಾನು ಮೆಂತ್ಯ ಸೊಪ್ಪು ಸೋಸುತ್ತ ಕೂತರೆ ನನಗೇ ಪಾಠ ಶುರುವಾಗುತ್ತಿತ್ತು. ಕಾಂಗ್ರೆಸ್ ಅಂದರೆ ಅಲ್ಲಿ ಪಕ್ಷವಲ್ಲ, ದೊಡ್ಡ ಸಭೆ.

“ಅಧ್ಯಕ್ಷ ದೊಡ್ಡವ ಖರೆ. ಆದ್ರ ಖರ್ಚಿಗೆ ಆ ಸಭಾದವರು ಹೂಂ ಅನ್ನಬೇಕು.”

“ಅಂದ್ರ ಯಜಮಾನ ಅವ, ಕಣಜದ ಕೀಲಿ ಅತ್ತಿ ಕಡೆ.”

“ನಿಮಗ ಎಂ.ಎ. ಕೊಡಬೇಕ್ರೀ ಅವ್ವಾರ.”

ಮಾರ್ಚಿನಲ್ಲಿ ದೊಡ್ಡ ಪ್ರಬಂಧ ಬರೆಯಲು ಹೇಳಿದರು. ನಮ್ಮ ಊಟದ ಟೇಬಲ್ಲಿನ ಮೇಲೆ, ಪುಸ್ತಕ ತೆರೆಯದೆ, ಎರಡೇ ದಿನದಲ್ಲಿ ಹನ್ನೆರಡು ಪುಟ ಬರೆದರು. ವಾರ ಕಳೆದ ಮೇಲೆ ಕಾಲೇಜಿನಿಂದ ಕಾಗದ ಬಂತು. ಪ್ರಬಂಧದ ಮುಕ್ಕಾಲು ಪಾಲು ಇಂಟರ್‌ನೆಟ್ಟಿನ ಒಂದು ಬರಹಕ್ಕೆ ಅಕ್ಷರಶಃ ಹೊಂದುತ್ತದೆ, ಗುರುವಾರ ಬಂದು ಉತ್ತರ ಹೇಳಿ, ನಕಲು ಎಂದಾದರೆ ಸೊನ್ನೆ. ಸೊನ್ನೆ ಬಂದರೆ ಬಿ ಇಲ್ಲ, ತರಬೇತಿಯೂ ಇಲ್ಲ.

ಮಾಧುರಿ ಆ ಬರಹ ತೆರೆದು ನೋಡಿದಳು. ಬೈಲಹೊಂಗಲದ ಯಾರೋ ವಿದ್ಯಾರ್ಥಿ ಇವರು ಕ್ಲಾಸಿನಲ್ಲಿ ಬರೆಸಿದ ಇಂಗ್ಲಿಷ್ ನೋಟ್ಸನ್ನೇ ಟೈಪು ಮಾಡಿ ಹಾಕಿದ್ದ. ತಲೆಯ ಮೇಲೆ ಇವರದೇ ಹೆಸರು.

“ಆತಲ್ಲ! ಫೋನ್ ಹಿಡದು ತೋರಿಸ್ರಿ, ಮುಗೀತು” ಎಂದಳು.

ಮಾಸ್ತರರು ಫೋನನ್ನು ಆಕೆಯ ಕಡೆಗೇ ಸರಿಸಿದರು. “ಹೆಸರು ನಂದೈತಿ. ಮಾತು ಸದಾಶಿವ ಸರ್ ಅವರದು. ಧಾರವಾಡದಾಗ ನಾ ಓದೂ ಮುಂದ ಅವರು ಬರಿಸಿದ್ದು. ಅವರು ಯಾವ ಇಂಗ್ಲಿಷ್ ಪುಸ್ತಕದಿಂದ ತಗದಿದ್ರೋ, ಅವರಿಗೇ ಗೊತ್ತು.”

“ಸದಾಶಿವ ಸರ್ ತೀರಿಕೊಂಡು ಹತ್ತು ವರ್ಷ ಆತು. ಎದ್ದು ಬಂದು ಕೇಳ್ತಾರೇನು?”

“ಅವರು ಕೇಳಂಗಿಲ್ಲ. ಆ ಪಾಠ ಹೇಳೂ ಹುಡುಗಿ ಕೇಳ್ತಾಳ.”

ನಾನೂ ಮಾಧುರಿಯ ಕಡೆಗೇ ಮಾತಾಡಿದೆ, ಸುಳ್ಳು ಯಾಕೆ ಹೇಳಲಿ. “ರೊಟ್ಟಿ ಬಡಿಯೂದು ನನಗ ನಮ್ಮತ್ತಿ ಕಲಿಸಿದ್ಲು. ಹಂಗಂತ ನಾ ಬಡದ ರೊಟ್ಟಿ ಆಕೀದೇನ್ರೀ?”

“ನೀವು ಬಡದ್ರಿ ಅವ್ವಾರ. ನಾ ಬಡದಿಲ್ಲ. ಅವರು ಬಡದಿಟ್ಟಿದ್ದು ಹತ್ತೊಂಬತ್ತು ವರ್ಷ ಹಂಚೀನಿ.”

ಗುರುವಾರ ರಸ್ತೆಯ ಹಿಮವೆಲ್ಲ ಕರಗಿ ರಾಡಿಯಾಗಿತ್ತು. ಮಾಸ್ತರರು ಮದುವೆಯ ಕಾಲದ ಕಂದು ಕೋಟು ಹಾಕಿಕೊಂಡು ಹೋದರು. ಬಂದವರು ತಾಟಿಗೆ ಕೈ ಹಚ್ಚಲಿಲ್ಲ. ಆ ದಿನ ಮಾಧುರಿಗೆ ತನ್ನ ಕೆಲಸಕ್ಕೆ ರಜೆ, ಆಕೆಯೂ ಅಲ್ಲೇ ಇದ್ದಳು.

“ಆ ಹುಡುಗಿ ಭಾಳ ಛಲೋದು” ಎಂದರು. “ನಾ ಬಾಯಿ ತಗಿಯೂಕಿಂತ ಮೊದಲ ಆಕೀನ ಹೇಳಿದ್ಲು, ಮ್ಯಾಲೆ ನಿಮ್ಮ ಹೆಸರು ನೋಡಿದ್ವಿ, ನೀವ ಬರದದ್ದು ಹೌದಲ್ಲ, ಹಂಗಂತ. ಹೌದು ಅಂದಿದ್ರ ಅಷ್ಟಕ್ಕ ಮುಗೀತಿತ್ತು.”

“ಏನಂದ್ರಿ?” ಮಾಧುರಿ ಕೇಳಿದಳು.

“ಅಲ್ಲ ಅಂದೆ.”

ಆಕೆ ಎದ್ದು ಕೆಳಗೆ ಹೋದಳು. ಹನ್ನೊಂದು ದಿನ ಗಂಡನ ಜೊತೆ ಮಾತಾಡಲಿಲ್ಲ. ಸೊನ್ನೆ ಬಂತು. ಮಾಸ್ತರರು ಡ್ಯೂಟಿಗೆ ಹೋಗಿ ಬರುತ್ತಿದ್ದರು, ನನಗೆ ಪಾಠ ಹೇಳುವುದನ್ನು ಬಿಟ್ಟರು.

ಮುಂದಿನ ಜನವರಿಗೆ ಅದೇ ವಿಷಯಕ್ಕೆ ಮತ್ತೆ ಸೇರಿದರು. ಈ ಸಲ ಬರೆಯುವುದೇ ಆಗಲಿಲ್ಲ. ಒಂದು ಸಾಲು ಬರೆಯುವರು, ಇದು ಸರ್ ಅವರದು ಎಂದು ಹೊಡೆದುಹಾಕುವರು. ಕೂದಲು ಆ ಚಳಿಗಾಲದಲ್ಲೇ ಪೂರ್ತಿ ಬೆಳ್ಳಗಾಯಿತು. ಬಸ್ಸಿನಲ್ಲಿ ನಿದ್ದೆ ಹತ್ತಿ ಸ್ಟಾಪು ದಾಟಿ ಹೋಗುತ್ತಿದ್ದರು. ಮಾರ್ಚು ಮುಗಿಯುವ ಹೊತ್ತಿಗೆ ಪ್ರಬಂಧ ಎರಡೂವರೆ ಪುಟ ಆಯಿತು. ಅದನ್ನು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅಧ್ಯಕ್ಷನಿಗೆ ಅಧಿಕಾರ ಕೊಟ್ಟವರೇ ಯಾಕೆ ಅವನಿಗೆ ಹೆದರಿದರು ಎಂಬುದೇ ಅದರ ವಿಷಯ. ತಡೆದು ತಡೆದು ಓದಿದರು.

“ಸಣ್ಣದಾತಲ್ರೀ ಮಾಸ್ತರ” ಎಂದೆ.

“ಇಷ್ಟೇ ರೀ ಅವ್ವಾರ ನಂದು.”

ಫೋನಿಗೆ ಫಲಿತಾಂಶ ಬಂದಾಗ ಸಿ. ಬೇಕಾಗಿದ್ದದ್ದು ಬಿ. ಮೂರನೆಯ ಸಲ ಓದುತ್ತೇನೆಂದು ಅವರು ಅನ್ನಲಿಲ್ಲ, ಓದಿರೆಂದು ನಾವೂ ಅನ್ನಲಿಲ್ಲ. ಆ ಮಧ್ಯಾಹ್ನ ಫೋನನ್ನು ಟೇಬಲ್ಲಿನ ಮೇಲೆ ಮಗುಚಿಟ್ಟು ಕೂತೇ ಇದ್ದರು. ಮಾಧುರಿ ಯುನಿಫಾರ್ಮಿನ ಅಂಗಿಗೆ ಇಸ್ತ್ರಿ ಹಾಕಿ ತಂದು ಕುರ್ಚಿಯ ಬೆನ್ನಿಗೆ ತೂಗುಹಾಕಿದಳು. ಅದುವರೆಗೆ ಆ ಅಂಗಿಯನ್ನು ಆಕೆ ಒಮ್ಮೆಯೂ ಮುಟ್ಟಿರಲಿಲ್ಲ.

“ಏಳ್ರಿ, ಬಸ್ಸಿಗೆ ಹೊತ್ತಾತು” ಎಂದಳು.

ಮಾಸ್ತರರು ಎದ್ದರು.