ರೇಡಿಯೋ ಬಿಲ್ಡ್ ಕೆಡಿಸಿದ ದಿನ

ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಬೆಳಗ್ಗೆ ಬಂದು ಕುರ್ಚಿಯಲ್ಲಿ ಕೂತನೆಂದರೆ ಸಂಜೆ ಎದ್ದು ಹೋಗುವ ತನಕ ಬಾಯಿ ಮುಚ್ಚಿದವನಲ್ಲ. ಕೋಡ್ ಬರೆಯುತ್ತ ಮಾತಾಡುತ್ತಿದ್ದ, ಊಟ ಮಾಡುತ್ತ ಮಾತಾಡುತ್ತಿದ್ದ. ಒಮ್ಮೆ ಲಿಫ್ಟ್ ಕೆಟ್ಟು ನಿಂತಾಗ ಒಳಗಿದ್ದ ಗುರುತಿಲ್ಲದವರಿಗೆಲ್ಲ ತನ್ನ ಮದುವೆಯ ಕಥೆ ಹೇಳಿದ್ದ. ಬಾಗಿಲು ತೆರೆದ ಮೇಲೂ ಇಬ್ಬರು ಇಳಿಯದೆ ಕಥೆಯ ಕೊನೆ ಕೇಳಲು ನಿಂತಿದ್ದರಂತೆ. ಇದನ್ನು ಹೇಳಿದವನೂ ಅವನೇ ಆದ್ದರಿಂದ ಸ್ವಲ್ಪ ಕಳೆದು ನಂಬಬೇಕು.

ಅಂಥವನ ಮಾತೇ ಹೊರಟುಹೋಯಿತು. ಒಂದು ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಜಾರಿತು, ಹಿಂದೆಯೇ ಅವನೂ ಜಾರಿದ. ಮೆದುಳಿನ ಒಂದು ಸಣ್ಣ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಕೈಕಾಲು ಬೇಗ ಸುಧಾರಿಸಿದವು. ಲೆಕ್ಕ ಸರಿಯಿತ್ತು, ನೆನಪು ಸರಿಯಿತ್ತು, ಆಶ್ಚರ್ಯವೆಂದರೆ ಕೋಡ್ ಕೂಡ ಸರಿಯಿತ್ತು. ಪರದೆ ನೋಡಿದರೆ ತಪ್ಪು ಎಲ್ಲಿದೆಯೆಂದು ಮೊದಲಿನಂತೆಯೇ ಕಾಣುತ್ತಿತ್ತು. ಹೆಸರುಗಳು ಮಾತ್ರ ಕೈಗೆ ಸಿಗಲಿಲ್ಲ. ಎದುರಿಗೆ ಲೋಟ ಇದೆ, ಅದರಲ್ಲಿ ನೀರು ಕುಡಿಯುವುದು ಗೊತ್ತು, ಬಾಯಿಗೆ ಬರುವುದು ಮಾತ್ರ ‘ಬಾಗಿಲು’. ಏನು ಹೇಳಹೊರಟರೂ ಎಲ್ಲಕ್ಕಿಂತ ಮೊದಲು ಬಾಗಿಲೇ ಬಂದು ಅಡ್ಡ ನಿಲ್ಲುತ್ತಿತ್ತು. ಬರೆಯಲು ಕೂತರೂ ಅದೇ ಪಾಡು.

ಅವನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ತೂಗುಬಿಟ್ಟ ಪರರ ಬಟ್ಟೆ. ಸಂಜೆ ಅವನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ಕೆಲಸ ಮಾಡುತ್ತಲೇ ಒಂದೊಂದು ವಸ್ತು ಎತ್ತಿ ತೋರಿಸುತ್ತಿದ್ದಳು.

“ಇದೇನ್ರೀ?”

ಅವನು ಕತ್ತರಿಯನ್ನೇ ದಿಟ್ಟಿಸುತ್ತಿದ್ದ. ಹಣೆಯಲ್ಲಿ ಬೆವರು ಬರುತ್ತಿತ್ತು. “ಬಾ... ಬಾಗಿ...”

“ಹೆಸರು ಸಿಗದಿದ್ರೆ ಹಾಳಾಗಿಹೋಗ್ಲಿ ಬಿಡಿ. ಅದು ಏನು ಮಾಡತ್ತೆ, ಅದನ್ನ ಹೇಳಿ.”

“ಬಟ್ಟೆ... ಎರಡು ಮಾಡತ್ತೆ.”

“ಅಷ್ಟೇ ತಾನೇ! ನಂಗೆ ಅರ್ಥ ಆಯ್ತಲ್ಲ. ಇನ್ನೇನು ಬೇಕು ನಿಮಗೆ?”

ಅವನಿಗೆ ಬೇಕಾಗಿದ್ದುದು ಕೆಲಸ. ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕದ ಕಂಬಕ್ಕೆ ಸಣ್ಣದೊಂದು ಪಂಪ್ ಕಟ್ಟಿರುತ್ತಾರಲ್ಲ, ಚೀಲದಲ್ಲಿರುವ ಔಷಧಿಯನ್ನು ಅಳತೆಯಿಂದ ರೋಗಿಯ ನರಕ್ಕೆ ಬಿಡುವುದು? ಆ ಪಂಪಿಗೆ ಬುದ್ಧಿ ಹೇಳುವ ಸಾಫ್ಟ್‌ವೇರ್ ಮಾಡುವ ಕಚೇರಿ ಅದು. ಪಂಪ್ ಓಡಿಸುವ ಮುಖ್ಯ ಭಾಗವನ್ನು ಬರೆದವನು ರೇಡಿಯೋನೇ. ಲೋಟಕ್ಕೆ ಬಾಗಿಲು ಅನ್ನುವವನ ಕೈಗೆ ಇಂಥ ಜೀವದ ಕೆಲಸವನ್ನು ಯಾರು ಬಿಟ್ಟಾರು? ವಿಷಯ ಗೊತ್ತಾದ ದಿನವೇ ತನ್ನನ್ನು ಮೂಲೆಗೆ ತಳ್ಳುತ್ತಾರೆಂದು ಅವನಿಗೆ ಖಾತ್ರಿಯಿತ್ತು. ಅದಕ್ಕೇ ಕೆಲಸಕ್ಕೆ ಮರಳುವ ಮೊದಲು ಒಂದೇ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಉರು ಹೊಡೆದ: “ಡಾಕ್ಟರು ಕಡಿಮೆ ಮಾತಾಡಿ ಅಂದಿದ್ದಾರೆ.” ಅದೊಂದು ಮಾತ್ರ ಎಲ್ಲೂ ಎಡವದೆ ಸರಾಗವಾಗಿ ಬರುತ್ತಿತ್ತು. ಕಚೇರಿಯವರು ನಂಬಿದರು. ಕೆಲವರು ಆ ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದಿದ್ದರೂ ಇರಬಹುದು.

ಹೀಗೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಅವನು ದಿನ ತಳ್ಳುತ್ತಿದ್ದ. ಅಷ್ಟರಲ್ಲಿ ವಿವರಣೆಯ ಪರೀಕ್ಷೆ ಬಂತು.

ಅದನ್ನು ಬಿಡಿಸಿ ಹೇಳಬೇಕು. ಆ ಕಚೇರಿಯಲ್ಲಿ ಎಲ್ಲರೂ ಬರೆದ ಕೋಡನ್ನು ಒಟ್ಟುಗೂಡಿಸಿ ಒಂದೇ ಸಾಫ್ಟ್‌ವೇರ್ ಆಗಿ ಕಟ್ಟುವುದಕ್ಕೆ ಬಿಲ್ಡ್ ಅನ್ನುತ್ತಾರೆ. ಬಿಲ್ಡ್ ಸರಿಯಾದರೆ ಗೋಡೆಯ ಮೇಲಿನ ದೀಪ ಹಸಿರು, ಕೆಟ್ಟರೆ ಕೆಂಪು. ಕೋಡಿನ ಪ್ರತಿಯೊಂದು ತುಂಡಿನ ಮೇಲೂ ಅದು ಏನು ಮಾಡುತ್ತದೆ ಎಂಬ ಒಂದು ಸಾಲು ವಿವರಣೆ ಇರಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು. ಬರೆಯದಿದ್ದರೆ ಬಿಲ್ಡ್ ಮಾಡುವ ಸಲಕರಣೆ ಒಂದಿಷ್ಟು ಗೊಣಗುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಗೊಣಗುವವರಿಗೆ ಯಾರು ಹೆದರುತ್ತಾರೆ? ಯಾರೂ ಬರೆದಿರಲಿಲ್ಲ. ಈಗ ಆ ಸಲಕರಣೆಯ ಹೊಸ ಆವೃತ್ತಿ ಬಂದಿತ್ತು. ಅದು ಗೊಣಗುವುದನ್ನು ಬಿಟ್ಟು ನೇರವಾಗಿ ಬಿಲ್ಡನ್ನೇ ನಿಲ್ಲಿಸುತ್ತಿತ್ತು. ಆ ಪರೀಕ್ಷೆಯನ್ನೇ ತೆಗೆದುಹಾಕಲು ಒಂದು ಸಾಲು ಕೋಡ್ ಸಾಕಾಗಿತ್ತು, ಆದರೆ ಅದನ್ನು ಮುಟ್ಟಕೂಡದೆಂದು ಮುಖ್ಯಸ್ಥೆ ಹೇಳಿಬಿಟ್ಟಿದ್ದಳು. ವಾರ್ಡಿನಲ್ಲಿ ದಾದಿಯರು ನೋಡುವ ಪರದೆಗಳನ್ನು ಇನ್ನು ಮುಂದೆ ಹೊರಗಿನ ಒಂದು ಕಂಪನಿ ಮಾಡಲಿತ್ತು. ಇವರ ಕೋಡನ್ನು ಅವರು ಆ ವಿವರಣೆಗಳನ್ನು ಓದಿಯೇ ಬಳಸಬೇಕಿತ್ತು.

ದೀಪ ಕೆಂಪಾಗಿ ಕೂತಿತು. ಎಲ್ಲರೂ ಬೈದುಕೊಳ್ಳುತ್ತ ತಮ್ಮ ತಮ್ಮ ಪಾಲಿನ ವಿವರಣೆ ಬರೆದು ಮುಗಿಸಿದರು. ಉಳಿದದ್ದು ರೇಡಿಯೋನ ಪಾಲು. ಕೋಡಿನ ಬಹುಪಾಲು ಅವನದೇ, ಮತ್ತು ಅದರ ಮೇಲೆ ವಿವರಣೆ ಎಂಬುದು ಮಚ್ಚೆಯಷ್ಟೂ ಇರಲಿಲ್ಲ. ಅಲ್ಲಿಯವರೆಗೆ ಅದು ಯಾರಿಗೂ ಬೇಕಾಗಿರಲಿಲ್ಲ. ಯಾವ ತುಂಡಿನ ಬಗ್ಗೆ ಕೇಳಿದರೂ, ಕೇಳದಿದ್ದರೂ, ವಿವರಣೆ ರೇಡಿಯೋದಲ್ಲೇ ಪ್ರಸಾರವಾಗುತ್ತಿತ್ತು.

ಅವನು ಪರದೆಯ ಮುಂದೆ ಕೂತ. ಮೊದಲ ತುಂಡು ಚೀಲದಲ್ಲಿ ಎಷ್ಟು ಔಷಧಿ ಉಳಿದಿದೆಯೆಂದು ಅಳೆಯುವಂಥದ್ದು. ಅದು ಅವನಿಗೆ ಅಂಗೈಯಷ್ಟು ಗೊತ್ತು. ಟೈಪ್ ಮಾಡಿದ, ನೋಡಿದರೆ ‘ಬಾಗಿಲಿನಲ್ಲಿ ಉಳಿದಿರುವ’ ಎಂದು ಬಿದ್ದಿತ್ತು. ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಮಾತು ಧಾರಾಳವಾಗಿದ್ದ ಕಾಲದಲ್ಲಿ ದಿನಕ್ಕೆ ಒಂದು ಸಾಲು ಬರೆದಿಟ್ಟಿದ್ದರೂ ಸಾಕಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡ. ಬೆನ್ನ ಹಿಂದೆ ಯಾರೋ ಹಾದುಹೋದರೆ ಪರದೆಯನ್ನು ಮರೆಮಾಡುತ್ತಿದ್ದ.

ಪಕ್ಕದ ಮೇಜಿನವನಿಗೆ ಗಡಿಬಿಡಿ ಎಂದು ಹೆಸರು. ರೇಡಿಯೋ ಕೆಲಸಕ್ಕೆ ಸೇರಿದಾಗಿನಿಂದ ಪಕ್ಕದಲ್ಲೇ ಇದ್ದವನು. ಒಳ್ಳೆಯ ಮನುಷ್ಯ, ಆದರೆ ಕಾಲಲ್ಲಿ ಚಕ್ರ. ಗೆಳೆಯನ ಪರದಾಟ ಅವನ ಕಣ್ಣಿಗೆ ಬಿತ್ತು.

“ಏನಯ್ಯಾ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ? ಆ ಕಡೆ ಸರ್ಕೋ.”

ಪ್ರತಿ ತುಂಡಿನ ಹೆಸರನ್ನೇ ಎತ್ತಿಕೊಂಡು ಒಂದು ವಾಕ್ಯ ಮಾಡಿ ಮೇಲೆ ತಾನಾಗಿಯೇ ಅಂಟಿಸುವ ಪುಟ್ಟ ಉಪಾಯವೊಂದನ್ನು ಗಡಿಬಿಡಿ ಕೋಡಿನಲ್ಲೇ ಬರೆದಿಟ್ಟುಕೊಂಡಿದ್ದ. ತುಂಡಿನ ಹೆಸರು ‘ವೇಗ ಹೆಚ್ಚಿಸು’ ಎಂದಿದ್ದರೆ ವಿವರಣೆ ‘ವೇಗವನ್ನು ಹೆಚ್ಚಿಸುತ್ತದೆ.’ ಪರೀಕ್ಷೆ ನೋಡುತ್ತಿದ್ದುದು ವಾಕ್ಯ ಇದೆಯೇ ಎಂಬುದನ್ನು ಮಾತ್ರ, ಅದು ನಿಜವೇ ಎಂದು ನೋಡುವ ಬುದ್ಧಿ ಅದಕ್ಕಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ರೇಡಿಯೋನ ಪಾಲೆಲ್ಲ ಭರ್ತಿಯಾಯಿತು, ದೀಪ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನವೇ ಹೊರಗಿನ ಕಂಪನಿಗೆ ಕಳಿಸಿಬಿಡೋಣ ಎಂದಳು ಮುಖ್ಯಸ್ಥೆ. ರೇಡಿಯೋನಿಗೆ ಹೋದ ಜೀವ ಬಂದಂತಾಯಿತು. ಗಡಿಬಿಡಿಯ ಹೆಗಲು ತಟ್ಟಿದ.

ಆಮೇಲೆ ಸುಮ್ಮನೆ ಒಂದೊಂದೇ ಸಾಲು ಓದುತ್ತ ಹೋದ. ಎಲ್ಲವೂ ಹಸಿದವನಿಗೆ ಖಾಲಿ ತಟ್ಟೆ ಇಟ್ಟಂತೆ ಇದ್ದವು, ಆದರೆ ಸುಳ್ಳಲ್ಲ. ‘ನಿಲ್ಲಿಸು’ ಎಂಬ ತುಂಡಿಗೆ ಬಂದ. ಅದರ ಮೇಲೆ ‘ಪಂಪನ್ನು ನಿಲ್ಲಿಸುತ್ತದೆ’ ಎಂದಿತ್ತು. ಆ ಸಾಲನ್ನು ಅವನು ಮತ್ತೊಮ್ಮೆ ಓದಿದ.

ಏಕೆಂದರೆ ಅದು ನಿಲ್ಲಿಸುತ್ತಿರಲಿಲ್ಲ. ಮೊದಮೊದಲು ನಿಲ್ಲಿಸುತ್ತಿತ್ತು, ನಿಜ. ಆದರೆ ಒಂದು ಆಸ್ಪತ್ರೆಗೆ ಪಂಪ್ ತೋರಿಸಲು ಹೋದಾಗ ವಯಸ್ಸಾದ ದಾದಿಯೊಬ್ಬಳು ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಪಂಪ್ ಪೂರ್ತಿ ನಿಂತರೆ ಸೂಜಿಯ ಬಾಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ರೋಗಿಗೆ ಮತ್ತೆ ಚುಚ್ಚಬೇಕಾಗುತ್ತದೆ, ಚುಚ್ಚಿಸಿಕೊಳ್ಳುವವರು ನೀವಲ್ಲವಲ್ಲ ಎಂದಿದ್ದಳು. ಅವನು ಬಂದವನೇ ಕೋಡ್ ಬದಲಿಸಿದ್ದ: ‘ನಿಲ್ಲಿಸು’ ಎಂದರೆ ಪಂಪ್ ತೀರ ನಿಧಾನವಾಗಿ ಹನಿ ಬಿಡುತ್ತಲೇ ಇರಬೇಕು. ಪೂರ್ತಿ ಮುಚ್ಚುವುದಕ್ಕೆ ಬೇರೆಯದೇ ತುಂಡು ಬರೆದ. ಹಳೆಯ ಹೆಸರನ್ನು ಮಾತ್ರ ಹಾಗೇ ಬಿಟ್ಟ, ಬದಲಿಸಿದರೆ ಅದನ್ನು ಬಳಸಿದ್ದವರ ಕೋಡೆಲ್ಲ ಕೆಡುತ್ತಿತ್ತು. ಈ ಕಸುಬಿನವರು ಕಣ್ಣು ತೆರೆದುಕೊಂಡೇ ಮಾಡುವ ತಪ್ಪು ಇದು. ಎಲ್ಲರಿಗೂ ಬಾಯಲ್ಲಿ ಹೇಳಿದ್ದ. ಗಡಿಬಿಡಿಗೂ ಹೇಳಿದ್ದ. ಆದರೆ ರೇಡಿಯೋ ಹೇಳಿದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವವರು ಯಾರು?

ಈಗ ಹೊರಗಿನವರು ಆ ಸಾಲನ್ನು ಓದಿ ಪರದೆ ಮಾಡುತ್ತಾರೆ. ದಾದಿ ನಿಂತಿದೆಯೆಂದು ನಂಬಿ ಚೀಲ ಬದಲಿಸುತ್ತಿರುವಾಗ ಪಂಪ್ ಒಳಗೊಳಗೇ ತಳ್ಳುತ್ತಿರುತ್ತದೆ. ಔಷಧಿ ಸಿಕ್ಕರೆ ಔಷಧಿ, ಗಾಳಿ ಸಿಕ್ಕರೆ ಗಾಳಿ.

ಅವನು ಗಡಿಬಿಡಿಯ ತೋಳು ಹಿಡಿದ. “ಬಾಗಿಲು... ಬಾಗಿಲು ಅಲ್ಲ... ಬಾಗಿಲು!”

ಗಡಿಬಿಡಿ ಫೋನಿನಲ್ಲಿದ್ದ. “ಏನು, ಬಾಗಿಲು ಹಾಕ್ಬೇಕಾ? ಗಾಳಿ ಬೀಸ್ತಿದೆಯಾ? ಇರು,” ಎಂದು ಪ್ರೀತಿಯಿಂದಲೇ ಎದ್ದು ಹೋಗಿ ಬಾಗಿಲು ಹಾಕಿ, ಹಾಗೆಯೇ ಚಹಾಕ್ಕೆ ಹೊರಟುಹೋದ.

ಮುಚ್ಚಿದ ಬಾಗಿಲನ್ನು ನೋಡುತ್ತ ರೇಡಿಯೋ ನಿಂತ. ನಗು ಬರಬೇಕಿತ್ತು, ಬರಲಿಲ್ಲ. ತಿರುಗಿ ಬಂದು ಕೂತು, ‘ಪಂಪನ್ನು ನಿಲ್ಲಿಸುತ್ತದೆ’ ಎಂಬ ಸಾಲನ್ನು ಅಳಿಸಿದ. ಅದರ ಜಾಗದಲ್ಲಿ ಏನನ್ನೂ ಬರೆಯಲಿಲ್ಲ. ಹಾಗೇ ಬಿಲ್ಡಿಗೆ ಸೇರಿಸಿದ.

ಗೋಡೆಯ ದೀಪ ಕೆಂಪಾಯಿತು.

“ಅಯ್ಯೋ, ಮತ್ತೇನಾಯ್ತು?” ಎಂದು ನಾಲ್ಕು ಕಡೆಯಿಂದ ಕೂಗು. ಚಹಾದ ಲೋಟದ ಸಮೇತ ಓಡಿಬಂದ ಗಡಿಬಿಡಿ, ಒಂದು ವಿವರಣೆ ಕಾಣೆಯಾಗಿದೆಯೆಂದು ಕಂಡುಹಿಡಿದು ತನ್ನ ಉಪಾಯವನ್ನು ಮತ್ತೆ ಓಡಿಸಿದ. ದೀಪ ಹಸಿರಾಯಿತು. ರೇಡಿಯೋ ಮತ್ತೆ ಅಳಿಸಿದ, ಕೆಂಪಾಯಿತು. ಈ ಸಲ ಗಡಿಬಿಡಿ ಯಾರು ಅಳಿಸಿದ್ದೆಂದು ನೋಡಿದ. ನೋಡಿ ಪಕ್ಕಕ್ಕೆ ತಿರುಗಿದ.

“ನೀನಾ? ತಲೆ ನೆಟ್ಟಗಿದೆಯಾ ನಿಂಗೆ?”

ಮುಖ್ಯಸ್ಥೆ ತನ್ನ ಕೋಣೆಯಿಂದ ಎದ್ದು ಬಂದಳು. ಮಾತು ಕಡಿಮೆ, ಆದರೆ ಆಡಿದ್ದನ್ನು ಎರಡು ಸಲ ಆಡುವವಳಲ್ಲ. “ಕಳಿಸೋ ಹೊತ್ತಿಗೆ ಬಿಲ್ಡ್ ಕೆಡಿಸಿದ್ದು ಯಾರು? ಯಾಕೆ?”

ರೇಡಿಯೋ ಹೆಡ್‌ಫೋನ್ ತೆಗೆದ. ಎಲ್ಲರ ಕಣ್ಣೂ ಅವನ ಮೇಲಿತ್ತು. ಉರು ಹೊಡೆದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿ ಕೂತರೆ ಗಡಿಬಿಡಿ ಮೂರನೇ ಸಲ ಸಾಲು ಅಂಟಿಸುತ್ತಾನೆ, ತನ್ನ ಕುರ್ಚಿಯೂ ಉಳಿಯುತ್ತದೆ. ಅವನು ಅದನ್ನು ನುಂಗಿಕೊಂಡ. ಪರದೆಯ ಮೇಲೆ ಬೆರಳಿಟ್ಟ.

“ಇದು... ಬಾಗಿ... ಇದರ ಹೆಸರು ಸು... ಸುಳ್ಳು.”

ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. ಹೆಸರು ಹಾಳಾಗಿಹೋಗಲಿ ಎಂದು ಹೆಂಡತಿ ಹೇಳಿದ್ದು ನೆನಪಾಯಿತು. ಅವನು ಕಣ್ಣು ಮುಚ್ಚಿಕೊಂಡ.

“ಇದು ನಿಲ್ಲಿಸಲ್ಲ. ನಿಧಾನ... ಹನಿ ಬಿಡತ್ತೆ. ಬಿಡ್ತಾನೇ ಇರತ್ತೆ. ಚುಚ್ಚಿರತ್ತಲ್ಲ... ಅದರ ಬಾಯಿ... ರಕ್ತ ಕಟ್ಟಬಾರದು, ಅದಕ್ಕೆ. ಚೀಲ ಬದಲಿಸುವಾಗ ಇದು ಬೇಡ. ಬೇಡ! ಪೂರ್ತಿ ಮುಚ್ಚೋದು... ಬೇರೆ ಇದೆ.”

ಇಷ್ಟು ಹೇಳುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗಡಿಬಿಡಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅವನಿಗೆ ಹಳೆಯ ಪ್ರಸಾರ ನೆನಪಾಗಿತ್ತು, ದಾದಿಯ ಬೈಗುಳದ ಸಮೇತ.

“ನೀನು ಇದನ್ನ ನಂಗೆ ಹೇಳಿದ್ದೆ,” ಎಂದ. “ಬಾಗಿಲು ಅಂದೆಯಲ್ಲ ಆಗ... ನಾನು ಹೋಗಿ ಬಾಗಿಲು ಹಾಕಿ ಬಂದೆನಲ್ಲಪ್ಪಾ.”

ಮುಖ್ಯಸ್ಥೆ ಕುರ್ಚಿ ಎಳೆದುಕೊಂಡು ರೇಡಿಯೋನ ಕೀಬೋರ್ಡನ್ನು ತನ್ನತ್ತ ಸರಿಸಿಕೊಂಡಳು. “ಇನ್ನೊಂದ್ಸಲ ಹೇಳಿ, ನಿಧಾನಕ್ಕೆ. ನೀವು ಹೇಳಿದ ಹಾಗೇ ಬರೀತೀನಿ.” ಅವನು ಹೇಳಿದ, ಅವಳು ಬರೆದಳು. ಮುಗಿದ ಮೇಲೆ, ಬೇರೆಯವರಿಗೆ ಕೇಳದ ಹಾಗೆ, “ಮಾತು ಬರ್ತಿಲ್ಲ ಅಂತ ಯಾಕೆ ಹೇಳ್ಲಿಲ್ಲ ನೀವು?” ಎಂದಳು. “ಭಯ,” ಎಂದ. ಆ ಹೆಸರು ಮಾತ್ರ ಥಟ್ಟನೆ ಸಿಕ್ಕಿತು.

ಅವಳು ಸಮಾಧಾನದ ಮಾತಾಡಲಿಲ್ಲ. ಇನ್ನು ಮುಂದೆ ಅವನು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ನೋಡದೆ ಬಿಲ್ಡಿಗೆ ಸೇರಿಸುವಂತಿಲ್ಲ ಎಂದಳು. ಅವನ ಮುಖ ಬಾಡಿತು. ಅದು ನ್ಯಾಯವೇ, ಆದರೂ ನೋವಾಯಿತು. “ಮತ್ತೆ ಇವತ್ತು ಏನೂ ಕಳಿಸಲ್ಲ,” ಎಂದು ಅವಳು ಎದ್ದಳು. “ಆ ಅಂಟಿಸಿದ್ದನ್ನೆಲ್ಲ ತೆಗೀರಿ. ಒಂದೊಂದನ್ನೂ ಇವರು ಹೇಳಲಿ, ಕೂತು ಬರೀರಿ. ಅಲ್ಲೀವರೆಗೂ ದೀಪ ಕೆಂಪಗೇ ಇರಲಿ.”

ಗಡಿಬಿಡಿ ತನ್ನ ಕುರ್ಚಿಯನ್ನು ರೇಡಿಯೋನ ಕುರ್ಚಿಗೆ ತಾಗಿಸಿ ಕೂತ. ಜನ್ಮದಲ್ಲಿ ಒಂದು ಕಡೆ ಕೂತವನಲ್ಲ, ಆ ಇಡೀ ವಾರ ಅಲ್ಲಾಡಲಿಲ್ಲ. ಒಂದು ಪದಕ್ಕಾಗಿ ರೇಡಿಯೋ ತಡಕಾಡುತ್ತಿದ್ದಾಗ ಇವನ ಬಾಯಿ ತುರಿಸುತ್ತಿತ್ತು, ಆದರೂ ತಾನೇ ಹೇಳಿಬಿಡದೆ ಕಾಯುವುದನ್ನು ಕಲಿತ. ಕೊನೆಗೆ ದೀಪ ಹಸಿರಾಯಿತು, ಎಲ್ಲ ಹೊರಗಿನ ಕಂಪನಿಗೆ ಹೋಯಿತು. ಅಲ್ಲಿಂದ ಬಂದ ಉತ್ತರವನ್ನು ಗಡಿಬಿಡಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದ: ಪಂಪಿನ ಭಾಗದ ವಿವರಣೆ ಯಾರೋ ಎದುರಿಗೆ ಕೂತು ಹೇಳಿದಂತಿದೆ, ಮಿಕ್ಕ ಭಾಗಗಳದ್ದು ನಮಗೆ ಏನೂ ತಿಳಿಯುತ್ತಿಲ್ಲ, ಇದನ್ನು ಬರೆದವರು ಅವನ್ನೂ ಸ್ವಲ್ಪ ಹೇಳಿಕೊಡಬಹುದೇ?

ಎಲ್ಲರೂ ರೇಡಿಯೋನತ್ತ ತಿರುಗಿದರು. ಅವನು ಬಾಯಿ ತೆರೆದ, ಏನೋ ಹುಡುಕಿದ. ಸಿಗಲಿಲ್ಲ. ಆಮೇಲೆ ಗಂಟಲಿನ ಮೇಲೆ ಕೈಯಿಟ್ಟುಕೊಂಡು, ಮುಖ ಗಂಟಿಕ್ಕಿ, ಒಂದು ಅಕ್ಷರವೂ ಎಡವದೆ ಹೇಳಿದ:

“ಡಾಕ್ಟರು ಕಡಿಮೆ ಮಾತಾಡಿ ಅಂದಿದ್ದಾರೆ.”

ಮೊದಲು ನಕ್ಕವಳು ಮುಖ್ಯಸ್ಥೆ. ಗಡಿಬಿಡಿ ನಗುತ್ತಲೇ ಕಣ್ಣು ಒರೆಸಿಕೊಂಡು ಕುರ್ಚಿ ಎಳೆದುಕೊಂಡ. “ಸಾಕು ನಿನ್ನ ನಾಟಕ,” ಎಂದ. “ಹೇಳು, ಬರ್ಕೋತೀನಿ.”