ದಿನವೂ ರಾಜ್ಯೋತ್ಸವದ ಲ್ಯಾಪ್‌ಟಾಪ್

ಸೈಬರ್ ಸೆಕ್ಯುರಿಟಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ದಿವಾಕರ, ಶನಿವಾರ ಮಧ್ಯಾಹ್ನ ವುಲ್ವರ್‌ಹ್ಯಾಂಪ್ಟನ್‌ನ ಶಕುಂತಲಾ ಆಂಟಿಯ ಊಟದ ಮೇಜಿನ ಮೇಲೆ ಅವರ ಹಳೇ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಬ್ಯಾಟರಿ ಕಿತ್ತು, "ಮದರ್‌ಬೋರ್ಡೇ ಹೋಗಿದೆ ಆಂಟಿ" ಎಂದು ತೀರ್ಪು ಕೊಟ್ಟ. ಕಾಫಿ ಹಿಡಿದು ಬಂದ ಆಂಟಿ ಮೊಣಕೈಯಿಂದ ಗೋಡೆಯ ಸ್ವಿಚ್ಚು ಒತ್ತಿದರು. ಲ್ಯಾಪ್‌ಟಾಪಿನ ಹಸಿರು ದೀಪ ಹೊತ್ತಿಕೊಂಡಿತು. ದಿವಾಕರ ಕಾಫಿ ಬಹಳ ಚೆನ್ನಾಗಿದೆ ಎಂದ. ಇನ್ನೂ ಕುಡಿದಿರಲಿಲ್ಲ.

ಆಂಟಿ ಇದೇ ಊರಿನಲ್ಲಿ ಮೂವತ್ತೊಂದು ವರ್ಷ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಆಗಿದ್ದವರು. ಮಕ್ಕಳಿಗೆ ಅವರು ನಡೆಸುವ ಕನ್ನಡ ಕ್ಲಾಸು ಶುರುವಾದದ್ದು ಆ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ, ಐದು ಮಕ್ಕಳು ಮತ್ತು ಒಂದು ತೂಕದ ಯಂತ್ರದೊಂದಿಗೆ. ತಾಯ್ನಾಡಿನಿಂದ ತರಿಸಿದ ಪುಸ್ತಕ ಇಲ್ಲಿನ ಮಕ್ಕಳಿಗೆ ಹಿಡಿಸದಿದ್ದಾಗ ಪಾಠಗಳನ್ನು ತಾವೇ ಬರೆದರು. ಕ ಅಂದರೆ ಕಾಲುವೆ, ಬ ಅಂದರೆ ಬಸ್ಸು. ಅಂಥ ಅರವತ್ತು ಪಾಠಗಳೂ ನಾಳೆಯ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಈ ಲ್ಯಾಪ್‌ಟಾಪಿನಲ್ಲಿ, ಯಾವುದೋ ಕಾಲದ ಕನ್ನಡ ಸಾಫ್ಟ್‌ವೇರಿನ ಒಳಗೆ ಕೂತಿದ್ದವು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚೌಕಗಳು.

ಕ್ಲಾಸು ಈಗ ನಡೆಯುವ ಕಮ್ಯುನಿಟಿ ಹಾಲ್‌ನವರದು ಹೊಸ ನಿಯಮ: ಹಳೇ ವಿಂಡೋಸ್ ಆದರೆ ಅದಕ್ಕೆ ಬಂದ ಕೊನೆಯ ಸೆಕ್ಯುರಿಟಿ ಅಪ್‌ಡೇಟನ್ನಾದರೂ ಹಾಕಿರಬೇಕು, ಇಲ್ಲದಿದ್ದರೆ ಅವರ ಪ್ರಿಂಟರಿಗೆ ಜೋಡಿಸುವಂತಿಲ್ಲ. ಮ್ಯಾನೇಜರ್ ನೋಡಿ ಒಪ್ಪಬೇಕು. ಆತ ನಾಲ್ಕಕ್ಕೆ ಬೀಗ ಹಾಕಿಕೊಂಡು ಹೊರಡುತ್ತಾನೆ. ಈಗ ಎರಡೂಮುಕ್ಕಾಲು.

ದಿವಾಕರ ಪೆನ್‌ಡ್ರೈವ್‌ನಲ್ಲಿ ತಂದಿದ್ದ ಅಪ್‌ಡೇಟ್ ಓಡಿಸಿದ. ಆಗಲಿಲ್ಲ. ರೀಸ್ಟಾರ್ಟ್ ಮಾಡಿ ಓಡಿಸಿದ. ಆಗಲಿಲ್ಲ. ಆಫೀಸಿನಲ್ಲಿ "ಎರರ್ ಮೆಸೇಜ್ ಪೂರ್ತಿ ಓದ್ರಪ್ಪಾ" ಎಂದು ದಿನಕ್ಕೆ ಹತ್ತು ಸಲ ಗದರುವ ಮನುಷ್ಯ, ಮೆಸೇಜನ್ನು ಓದದೇ ಮುಚ್ಚಿ ಮೂರನೇ ಸಲ ಓಡಿಸಿದ.

"ಏನಂತೆ ಅದರ ತಕರಾರು?" ಆಂಟಿ ಅಡುಗೆಮನೆಯಿಂದ ಕೇಳಿದರು.

"ಟೆಕ್ನಿಕಲ್, ಆಂಟಿ. ನಿಮಗೆ ಅರ್ಥ ಆಗಲ್ಲ."

ನಾಲ್ಕನೇ ಸಲ ಬೇರೆ ದಾರಿಯಿಲ್ಲದೆ ಓದಿದ. ಅಪ್‌ಡೇಟಿನ ಸರ್ಟಿಫಿಕೇಟಿಗೂ ಈ ಕಂಪ್ಯೂಟರಿನ ಗಡಿಯಾರಕ್ಕೂ ತಾಳೆಯಾಗುತ್ತಿಲ್ಲ, ಅಷ್ಟೇ. ಮೂಲೆಯಲ್ಲಿ ನೋಡಿದ: ೨೦೧೨, ನವೆಂಬರ್ ಒಂದು. ಯಂತ್ರಕ್ಕೆ ಈ ಅಪ್‌ಡೇಟ್ ಇನ್ನೂ ಹುಟ್ಟಿಯೇ ಇರಲಿಲ್ಲ! ಖುಷಿಯಲ್ಲಿ ತಾರೀಖನ್ನು ಇಂದಿಗೆ ತಂದ. ಅಪ್‌ಡೇಟ್ ಬೆಣ್ಣೆಯಂತೆ ಇಳಿಯಿತು. ಲ್ಯಾಪ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗಿ, ಮೂವತ್ತೈದು ಪರ್ಸೆಂಟಿಗೆ ಬಂದು ನಿಂತಿತು. ಕೆಳಗೆ ಒಂದು ಸಾಲು: ಕಂಪ್ಯೂಟರನ್ನು ಆಫ್ ಮಾಡಬೇಡಿ.

ಮೂರು ಹತ್ತು. ಮೂವತ್ತೈದು. ಮೂರೂ ಕಾಲು. ಮೂವತ್ತೈದು.

ಲೋಟ ಎತ್ತಿಕೊಳ್ಳಲು ಬಂದ ಆಂಟಿ, ಕೋಣೆ ಬಿಟ್ಟು ಹೋಗುವಾಗಿನ ಅಭ್ಯಾಸದಂತೆ, ಸ್ವಿಚ್ಚಿಗೆ ಕೈ ಹಾಕಿದರು. ಕಿತ್ತ ಬ್ಯಾಟರಿ ಇನ್ನೂ ಮೇಜಿನ ಮೇಲೇ ಇತ್ತು.

"ಆಂಟೀ, ಕೈ!"

"ಕಿರುಚಬೇಡ ಕಣೋ, ಎದೆ ಹೊಡ್ಕೊಳ್ಳುತ್ತೆ. ನಿನ್ನದೇ."

ಮೂರು ಇಪ್ಪತ್ತೆರಡಕ್ಕೆ ನೂರಾಯಿತು. ದಿವಾಕರ ಗೆದ್ದವನ ಗತ್ತಿನಲ್ಲಿ ಕನ್ನಡ ಸಾಫ್ಟ್‌ವೇರಿನ ಮೇಲೆ ಕ್ಲಿಕ್ಕಿಸಿದ. ಬೂದು ಬಣ್ಣದ ಒಂದು ಪೆಟ್ಟಿಗೆ ಬಂತು: ನಿಮ್ಮ ಲೈಸೆನ್ಸ್ ಅವಧಿ ಮುಗಿದಿದೆ.

ಆಂಟಿ ಕೈ ಒರೆಸಿಕೊಳ್ಳುತ್ತಾ ಬಂದು ಪರದೆಯ ಮೂಲೆ ನೋಡಿದರು. "ತಾರೀಖು ಮುಟ್ಟಿದೆಯಾ?"

"ತಪ್ಪಿತ್ತಲ್ಲ ಆಂಟಿ, ಸರಿ ಮಾಡಿದೆ."

"ತಪ್ಪಿರಲಿಲ್ಲ. ನಾನೇ ಇಟ್ಟಿದ್ದು." ಆ ಸಾಫ್ಟ್‌ವೇರಿಗೆ ಒಂದು ವರ್ಷದ ಲೈಸೆನ್ಸ್. ಹೊಸದು ಕೊಳ್ಳೋಣವೆಂದರೆ ಮಾಡಿದವರು ಅಂಗಡಿ ಮುಚ್ಚಿದ್ದರು. ದಾವಣಗೆರೆಯ ಅಣ್ಣನ ಮಗ ಉಮೇಶ ಫೋನಿನಲ್ಲಿ ಉಪಾಯ ಹೇಳಿಕೊಟ್ಟ. ಅಂದಿನಿಂದ ಆಂಟಿ ಪ್ರತಿದಿನ ಬೆಳಿಗ್ಗೆ ತಾರೀಖನ್ನು ೨೦೧೨ರ ನವೆಂಬರ್ ಒಂದಕ್ಕೆ ತಿರುಗಿಸುತ್ತಾರೆ. "ಹೇಗೂ ಹಿಂದಕ್ಕೆ ಹೋಗೋದು, ರಾಜ್ಯೋತ್ಸವಕ್ಕೇ ಹೋಗೋಣ ಅಂತ."

ಒಮ್ಮೆ ಮುಂದಿನ ತಾರೀಖು ಕಂಡ ಸಾಫ್ಟ್‌ವೇರ್ ಮತ್ತೆ ಹಿಂದಿನದನ್ನು ನಂಬದಿರಬಹುದು. ದಿವಾಕರನ ಕಂಪನಿಯ ಸಾಫ್ಟ್‌ವೇರನ್ನು ಹಾಗೆ ನಂಬದಂತೆ ಮಾಡಿದವನು ಅವನೇ. ಇದನ್ನು ಆಂಟಿಗೆ ಹೇಳಲಿಲ್ಲ. ತಾರೀಖು ತಿರುಗಿಸಿದ, ಬೆರಳು ಎರಡು ಸಲ ತಪ್ಪು ಅಂಕಿ ಒತ್ತಿತು. ಕ್ಲಿಕ್ಕಿಸಿದ. ಪರದೆಯ ಮೇಲೆ ಉಂಗುರವೊಂದು ಸುತ್ತತೊಡಗಿತು. ಆಂಟಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಅರವತ್ತು ಪಾಠ ಹೋದರೆ ಮತ್ತೆ ಬರೆಯುವ ವಯಸ್ಸಲ್ಲ ಇವರದು ಎಂದು ಅವನಿಗೆ ಆಗ ಹೊಳೆಯಿತು.

ಹದಿನೇಳನೇ ಪಾಠ ತೆರೆದುಕೊಂಡಿತು. "ಮಂಗಳವಾರ ಕಸದ ಗಾಡಿ ಬರುತ್ತದೆ. ಅಜ್ಜಿ ಓಡುತ್ತಾಳೆ."

ಆಂಟಿ ಆಗ ಕುರ್ಚಿಯಲ್ಲಿ ಕೂತರು. ಗೋಡೆ ಗಡಿಯಾರದಲ್ಲಿ ಮೂರೂವರೆ. ಹಾಲ್‌ಗೆ ಹತ್ತು ನಿಮಿಷದ ದಾರಿ. ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡು ಬಾಗಿಲ ಬಳಿ ಶೂ ಹಾಕಿಕೊಳ್ಳುವಾಗ ದಿವಾಕರನಿಗೆ ತಡೆಯಲಾಗಲಿಲ್ಲ.

"ಆಂಟಿ, ಈ ತಾರೀಖಿನ ಕಥೆ ಮೊದಲೇ ಯಾಕೆ ಹೇಳಲಿಲ್ಲ?"

ಆಂಟಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಅವನ ಮುಖ ನೋಡದೆ ಹೇಳಿದರು: "ಪೇಷಂಟ್ ಹಿಸ್ಟರಿ ನೀನೆಲ್ಲಪ್ಪಾ ಕೇಳಿದೆ? ಬಂದವನೇ ಹೊಟ್ಟೆ ಬಿಚ್ಚಿದೆ."