ಒಂದೇ ಮಾರ್ಗದ ಎರಡು ನಕ್ಷೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೊಪ್ಪಳದಲ್ಲಿ ಟ್ರೇಸರ್ ಆಗಿದ್ದೆ. ಹಳ್ಳಿಗಳಿಗೆ ವಿದ್ಯುತ್ ಮಾರ್ಗ ಎಳೆಯುತ್ತಿದ್ದ ಒಂದು ಖಾಸಗಿ ಗುತ್ತಿಗೆ ಸಂಸ್ಥೆಯ ನಕ್ಷೆಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ ಬರೆಯುವುದು ನನ್ನ ಕೆಲಸ. ಮೂಲ ನಕ್ಷೆ ನನ್ನಲ್ಲಿರುತ್ತಿತ್ತು. ಅದರ ಒಂದು ಪ್ರಿಂಟ್ ಕುಷ್ಟಗಿ ಕ್ಯಾಂಪಿಗೆ, ಇನ್ನೊಂದು ಯಲಬುರ್ಗಾ ಕ್ಯಾಂಪಿಗೆ ಹೋಗುತ್ತಿತ್ತು. ಕಂಬ ಸರಿಸಿದರೆ, ತಂತಿ ಜೋಡಿಸಿದರೆ ಆಯಾ ಕ್ಯಾಂಪಿನವರು ತಮ್ಮ ಪ್ರಿಂಟಿನ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ಕಳಿಸಬೇಕು. ಎರಡನ್ನೂ ಸೇರಿಸಿ ನಾನು ಹೊಸ ಮೂಲ ಬರೆಯುತ್ತಿದ್ದೆ.

ಆ ಬೇಸಿಗೆಯ ಬಿರುಗಾಳಿಗೆ ಎರಡು ತಾಲ್ಲೂಕುಗಳ ಗಡಿಯಲ್ಲಿ ಸಾಲು ಕಂಬಗಳು ಉರುಳಿದವು. ಎರಡೂ ಕ್ಯಾಂಪಿನವರು ಅವಸರದಲ್ಲಿ ದುರಸ್ತಿ ಮಾಡಿದರು. ತಿದ್ದಿದ ಪ್ರಿಂಟುಗಳು ನನ್ನ ಕೈ ಸೇರುವ ಮೊದಲೇ ಕೆಟ್ಟ ಸುದ್ದಿ ಬಂತು. ಯಲಬುರ್ಗಾ ಕ್ಯಾಂಪಿನ ಲೈನ್‌ಮನ್ ಮೆಹಬೂಬಸಾಬ್ ಗಡಿಯ ಕಂಬದ ಮೇಲೆ ಕರೆಂಟ್ ಹೊಡೆದು ಬಿದ್ದಿದ್ದರು. ಹತ್ತುವ ಮುನ್ನ ತಮ್ಮ ಕಡೆಯ ಸರಬರಾಜು ನಿಲ್ಲಿಸಿಯೇ ಹತ್ತಿದ್ದರು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ಮ್ಯಾನೇಜರ್ ದೇಸಾಯರು ಎರಡೂ ಪ್ರಿಂಟುಗಳನ್ನು ನನ್ನ ಮೇಜಿನ ಮೇಲೆ ಹರಡಿದರು.

“ಶಾರದಾಬಾಯಾರ, ಇವೆರಡು ಒಂದಕ್ಕೊಂದು ಹೊಂದವಲ್ವು. ಕುಷ್ಟಗೀದು ಈಚಿನ ತಾರೀಖಿಂದು. ಅದನ್ನ ಮೂಲ ಅಂತ ಬರೀರಿ, ಇನ್ನೊಂದನ್ನ ಬಿಟ್ಟಬಿಡ್ರಿ.”

ಕುಷ್ಟಗಿ ಪ್ರಿಂಟಿನ ಪ್ರಕಾರ, ಮೆಹಬೂಬಸಾಬ್ ಹತ್ತಿದ ಕಂಬವಿದ್ದ ಗಡಿಯ ಮಾರ್ಗದ ತುಂಡು ಕುಷ್ಟಗಿ ಕ್ಯಾಂಪಿನದು. ಅದನ್ನೇ ಮೂಲವೆಂದು ಬರೆದರೆ, ಮೆಹಬೂಬಸಾಬ್ ಹೇಳದೆ ಕೇಳದೆ ಬೇರೆಯವರ ಕಂಬ ಹತ್ತಿದರೆಂದು ಆಗುತ್ತಿತ್ತು. ಕೈಯ ಜೊತೆಗೆ ನೌಕರಿಯೂ ಹೋಗುತ್ತಿತ್ತು.

“ತಾರೀಖು ಈಚಿಂದು ಅಂದ ಮಾತ್ರಕ್ಕ ಖರೇ ಆಗೂದಿಲ್ರಿ ಸರ್,” ಎಂದೆ. “ಎರಡೂ ಸೇರಿಸಿ ನೋಡತೀನಿ.”

“ಸೇರಿಸೋದೇನೈತ್ರಿ? ಒಂದು ಖರೇ, ಒಂದು ಸುಳ್ಳು. ಕುಷ್ಟಗಿಯವ್ರು ಇವತ್ತ ಮಧ್ಯಾಹ್ನ ಆ ಕಂಬ ರಿಪೇರಿ ಮಾಡತಾರ. ಅಷ್ಟರಾಗ ನಕ್ಷಾ ಮುಗಸ್ರಿ.”

ಹಳೆಯ ಮೂಲದ ಮೇಲೆ ಹೊಸ ಟ್ರೇಸಿಂಗ್ ಹಾಳೆ ಹಾಸಿ ಕುಳಿತೆ. ಮೊದಲು ಎರಡು ಪ್ರಿಂಟೂ ಬೇರೆ ಬೇರೆ ಹೇಳುವ ಜಾಗಗಳನ್ನು ನೋಡಿದೆ. ಹನುಮಸಾಗರದ ದಾರಿಯಲ್ಲಿ ಒಂದು ಕಂಬ ರಸ್ತೆಯ ಎಡಕ್ಕೋ ಬಲಕ್ಕೋ, ಒಂದು ಬಾವಿಯ ಬಳಿ ತಂತಿ ಎಲ್ಲಿ ತಿರುಗುತ್ತದೆ ಎಂಬಂಥವು. ಅವುಗಳಿಂದ ಯಾರ ಕೈಯೂ ಸುಡುವಂತಿರಲಿಲ್ಲ. ಆಮೇಲೆ ತಕರಾರಿಲ್ಲದ ತಿದ್ದುಪಡಿಗಳನ್ನು ಒಂದೊಂದಾಗಿ ಇಳಿಸತೊಡಗಿದೆ. ಗಡಿಯ ತುಂಡಿಗೆ ಬಂದಾಗ ಪೆನ್ನು ನಿಂತಿತು.

ಮೂಲದಲ್ಲಿ ಆ ತುಂಡಿನ ಎರಡು ತುದಿಗೂ ಒಂದೊಂದು ಸ್ವಿಚ್, ಎರಡೂ ತೆರೆದಿದ್ದವು, ಅಂದರೆ ಆಫ್ ಆಗಿದ್ದವು; ನಡುವಿನ ತಂತಿಯಲ್ಲಿ ಕರೆಂಟೇ ಇರಲಿಲ್ಲ. ಗಾಳಿಯ ನಂತರ ಕುಷ್ಟಗಿಯವರು ತಮ್ಮ ತುದಿಯ ಸ್ವಿಚ್ ಹಾಕಿದ್ದರು. ಯಲಬುರ್ಗಾದವರು ಮುರಿದುಹೋದ ತಮ್ಮ ಸ್ವಿಚ್ ಕಿತ್ತು, ತಂತಿಯನ್ನು ನೇರ ಜೋಡಿಸಿದ್ದರು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಮುಟ್ಟಿಯೇ ಇರಲಿಲ್ಲ. ಎರಡೂ ಪ್ರಿಂಟ್ ಖರೆ. ಆದರೆ ಎರಡನ್ನೂ ಸೇರಿಸಿದ ನನ್ನ ಹಾಳೆಯಲ್ಲಿ ಆ ತಂತಿಗೆ ಎರಡೂ ಕಡೆಯಿಂದ ಕರೆಂಟ್ ಬರುತ್ತಿತ್ತು. ಯಲಬುರ್ಗಾ ಕಡೆ ನಿಲ್ಲಿಸಿ ಹತ್ತಿದ ಮೆಹಬೂಬಸಾಬರನ್ನು ಕುಷ್ಟಗಿಯ ಕರೆಂಟ್ ಹೊಡೆದಿತ್ತು. ಈಗ ಕುಷ್ಟಗಿಯವರು ಯಲಬುರ್ಗಾದ ಕರೆಂಟ್ ಬರುವುದನ್ನು ತಿಳಿಯದೆ, ತಮ್ಮ ಸ್ವಿಚ್ ಮಾತ್ರ ಆಫ್ ಮಾಡಿ ಅದೇ ಕಂಬ ಹತ್ತಲಿದ್ದರು.

ಹಾಳೆ ಹಿಡಿದು ದೇಸಾಯರ ಬಳಿಗೆ ಓಡಿದೆ. ಅವರು ನೋಡಿದರು.

“ಜೀಪ್ ತಗೀರಿ!” ಎಂದು ಕೂಗಿದರು.

ಕ್ಯಾಂಪಿಗೆ ಫೋನ್ ಇರಲಿಲ್ಲ. ದೇಸಾಯರೂ ನಾನೂ ಗಡಿಯ ಕಂಬದ ಕಡೆಗೆ ಹೊರಟೆವು. ನಾವು ತಲುಪಿದಾಗ ಒಬ್ಬ ಲೈನ್‌ಮನ್ ಬೆಲ್ಟ್ ಬಿಗಿದು ಅರ್ಧ ಕಂಬ ಏರಿದ್ದ.

“ತಂತಿ ಮುಟ್ಟಬ್ಯಾಡೋ, ಇಳಿ!” ಎಂದು ದೇಸಾಯರು ಜೀಪಿನಿಂದಲೇ ಚೀರಿದರು. ಅವನು ಏನೂ ತಿಳಿಯದೆ ಇಳಿದು ಬಂದ. ವಿಷಯ ಕೇಳಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

ಮರುದಿನ ಆಸ್ಪತ್ರೆಗೆ ಹೋಗಿ ಮೆಹಬೂಬಸಾಬರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಮತ್ತ್ಯಾರೂ ಹತ್ತಲಿಲ್ಲಲ್ರಿ ಅಕ್ಕಾರ?”

“ಅರ್ಧ ಹತ್ತಿದ್ದ ಒಬ್ಬನ್ನ ಇಳಿಸಿದ್ವಿರಿ.”

ಅವರು ಗೋಡೆಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಅತ್ತರು. ಅವರ ಮೇಲಿನ ಆಪಾದನೆ ಹೋಯಿತು. ಸ್ಟೋರಿನಲ್ಲಿ ಕೆಲಸ ಕೊಟ್ಟರು. ಆದರೆ ಕಂಬ ಏರುವ ಕೆಲಸವನ್ನು ಅಷ್ಟು ಪ್ರೀತಿಸಿದ ಮನುಷ್ಯ ಸ್ಟೋರಿನ ಬಾಗಿಲಲ್ಲಿ ನಿಂತು ತಂತಿಗಳ ಕಡೆ ನೋಡುವಾಗ ನನಗೆ ಸಮಾಧಾನವೆಂಬುದು ಸಿಗಲಿಲ್ಲ.

ಮುಂದೆ ನಿವೃತ್ತಿಯಾಗುವವರೆಗೂ ಎಷ್ಟೋ ನಕ್ಷೆಗಳನ್ನು ಸೇರಿಸಿದೆ. ಎರಡು ಪ್ರತಿಗಳು ಜಗಳವಾಡುವ ಜಾಗ ಯಾರ ಕಣ್ಣಿಗಾದರೂ ಬೀಳುತ್ತದೆ. ಎಲ್ಲರೂ ಸರಿಯೆಂದು ಒಪ್ಪಿ ಸುಮ್ಮನಿರುವ ಜಾಗದಲ್ಲೇ ನಾನು ಹೆಚ್ಚು ಹೊತ್ತು ಕೂರುತ್ತಿದ್ದೆ.